ರಟ್ಟು, ಸೈಕಲ್ ಟ್ಯೂಬ್, ರಾಗಿ ಕಾಳು: ಮನೆಯಲ್ಲೇ ಬ್ರಿಟಿಷ್ ಸೈನ್ಯದ ‘ಹನಿ’ ಟ್ಯಾಂಕ್ ಮಾಡುವುದು ಹೇಗೆ

ಟ್ಯಾಂಕಿನ ಮಾಡೆಲ್ ಮಾಡಬೇಕು ಅಂದ ಕೂಡಲೇ ಎಲ್ಲರೂ ಕತ್ತರಿ, ರಟ್ಟು ಹುಡುಕಲು ಶುರು ಮಾಡುತ್ತಾರೆ. ಕತ್ತರಿ ಆಮೇಲೆ. ಮೊದಲು ಒಂದು ಹಳೆ ಫೋಟೋ ಆರಿಸಿಕೊಳ್ಳಿ. ಯಾವ ವರ್ಷ, ಯಾವ ಜಾಗ, ಯಾವ ರೆಜಿಮೆಂಟು ಅಂತ ಗೊತ್ತಿಲ್ಲದೆ ಮಾಡಿದರೆ ಅದು ಸುಮ್ನೆ ಟ್ಯಾಂಕಿನ ಆಕಾರದ ಒಂದು ಡಬ್ಬಿ ಆಗುತ್ತದೆ ಅಷ್ಟೇ. ಅದೇ ‘ಇದು 1941ರ ನವೆಂಬರ್‌ನಲ್ಲಿ ಲಿಬಿಯಾದ ಮರುಭೂಮಿಯಲ್ಲಿ ಓಡಿದ ಗಾಡಿ’ ಅಂತ ತೀರ್ಮಾನ ಮಾಡಿ ಕೂತರೆ, ಎಲ್ಲಿ ಮೆಷಿನ್ ಗನ್ ಇರಬೇಕು, ಎಲ್ಲಿ ತೆಗೆದುಹಾಕಿರಬೇಕು, ಯಾವ ಬಣ್ಣ, ಮೇಲೆ ಏನೇನು ಕಟ್ಟಿರಬೇಕು ಅನ್ನೋ ಪ್ರಶ್ನೆಗಳಿಗೆಲ್ಲ ತಾನಾಗಿಯೇ ಉತ್ತರ ಸಿಗುತ್ತಾ ಹೋಗುತ್ತದೆ.

ನಾನಿರುವುದು ಬಂಗಾರಪೇಟೆಯಲ್ಲಿ. ಪ್ಲಾಸ್ಟಿಕ್ ಕಿಟ್ ಬೇಕು ಅಂದರೆ ಆನ್‌ಲೈನ್‌ನಲ್ಲೇ ತರಿಸಬೇಕು, ಒಳ್ಳೆಯದಕ್ಕೆ ಬೆಲೆ ಜಾಸ್ತಿ. ಅದಕ್ಕೇ ಇಲ್ಲಿ ಬರೆದಿರುವುದು ರಟ್ಟಿನ ದಾರಿ. ಕೋಲಾರ, ಕೆಜಿಎಫ್, ಮಾಲೂರು, ಚಿಂತಾಮಣಿ ಎಲ್ಲಿದ್ದರೂ ಸ್ಟೇಷನರಿ ಅಂಗಡಿ, ಪಂಕ್ಚರ್ ಅಂಗಡಿ, ಅಡುಗೆಮನೆ ಮೂರರಲ್ಲೇ ಎಲ್ಲ ಸಾಮಾನು ಸಿಗುತ್ತದೆ. ಹೈಸ್ಕೂಲು ಮಕ್ಕಳು ಧಾರಾಳವಾಗಿ ಮಾಡಬಹುದು, ಆದರೆ ಬ್ಲೇಡು ಹಿಡಿಯುವಾಗ ದೊಡ್ಡವರು ಪಕ್ಕದಲ್ಲಿರಲಿ.

ಯಾವ ಟ್ಯಾಂಕು, ಯಾಕೆ ಇದೇ ಟ್ಯಾಂಕು

1941ರ ಮಾರ್ಚ್ 11ರಂದು ಅಮೆರಿಕ ಲೆಂಡ್-ಲೀಸ್ ಕಾಯ್ದೆಗೆ ಸಹಿ ಹಾಕಿತು. ಜರ್ಮನಿಯ ವಿರುದ್ಧ ಹೋರಾಡುತ್ತಿದ್ದ ಬ್ರಿಟನ್‌ಗೆ ಯುದ್ಧ ಸಾಮಗ್ರಿ ಕೊಡಲು ಅದರಿಂದ ದಾರಿಯಾಯಿತು. ಹೆಚ್ಚುಕಡಿಮೆ ಅದೇ ಸಮಯಕ್ಕೆ ಪೆನ್ಸಿಲ್ವೇನಿಯಾದ ಬರ್ವಿಕ್ ಊರಲ್ಲಿ, ರೈಲು ಬೋಗಿ ಮಾಡುತ್ತಿದ್ದ ಅಮೆರಿಕನ್ ಕಾರ್ ಅಂಡ್ ಫೌಂಡ್ರಿ ಕಂಪನಿಯಲ್ಲಿ ಎಂ3 ಅನ್ನೋ ಲೈಟ್ ಟ್ಯಾಂಕ್ ತಯಾರಾಗಲು ಶುರುವಾಗಿತ್ತು. ನಮ್ಮ ಕೆಜಿಎಫ್‌ನ ಬೆಮೆಲ್ ರೈಲು ಬೋಗಿ, ಡೋಜರ್, ಸೈನ್ಯದ ಗಾಡಿ ಎಲ್ಲವನ್ನೂ ಮಾಡುವುದನ್ನು ನೋಡಿಕೊಂಡೇ ಬೆಳೆದವರಿಗೆ ಇದು ವಿಚಿತ್ರ ಅನಿಸುವುದಿಲ್ಲ ಅಲ್ವಾ?

ಬ್ರಿಟಿಷರು ಇದಕ್ಕೆ ಅಮೆರಿಕದ ಅಂತರ್ಯುದ್ಧದ ಅಶ್ವದಳದ ಜನರಲ್ ಜೆ.ಇ.ಬಿ. ಸ್ಟುವರ್ಟ್ ಹೆಸರಿಟ್ಟರು. ಓಡಿಸುವ ಸೈನಿಕರು ಪ್ರೀತಿಯಿಂದ ‘ಹನಿ’ ಅಂತ, ಅಂದರೆ ಜೇನು ಅಂತ ಕರೆದರು. ಕಾರಣ ಇತ್ತು. ಆ ಕಾಲದ ಬ್ರಿಟಿಷ್ ಕ್ರೂಸರ್ ಟ್ಯಾಂಕುಗಳು, ಅಂದರೆ ವೇಗವಾಗಿ ಓಡುವ ಟ್ಯಾಂಕುಗಳು, ದಾರಿಯಲ್ಲೇ ಕೆಟ್ಟು ನಿಲ್ಲುವುದು ಮಾಮೂಲಿಯಾಗಿತ್ತು. ಇದು ಕೆಡುತ್ತಿರಲಿಲ್ಲ. ಹಿಂದೆ ಇದ್ದದ್ದು ಕಾಂಟಿನೆಂಟಲ್ ಕಂಪನಿಯ 7 ಸಿಲಿಂಡರಿನ ರೇಡಿಯಲ್ ಇಂಜಿನ್, ಅಂದರೆ ಸಣ್ಣ ವಿಮಾನಗಳಿಗೆ ಹಾಕುವ ಜಾತಿಯದು, 250 ಹಾರ್ಸ್‌ಪವರ್. ಸುಮಾರು ಹನ್ನೆರಡೂವರೆ ಟನ್ ತೂಕದ ಗಾಡಿ ಗಂಟೆಗೆ 58 ಕಿ.ಮೀ. ಓಡುತ್ತಿತ್ತು.

ಇದರ ಕಷ್ಟಗಳನ್ನೂ ತಿಳಿದಿರಬೇಕು, ಯಾಕೆಂದರೆ ಮಾಡೆಲ್‌ನಲ್ಲಿ ಅವೇ ಕಾಣುತ್ತವೆ. ತೋಪು 37 ಮಿ.ಮೀ.ದು, ಚಿಕ್ಕದು. ಎದುರಿಗಿದ್ದ ಜರ್ಮನ್ ಪ್ಯಾಂಜರ್ 3ರಲ್ಲಿ 50 ಮಿ.ಮೀ. ತೋಪಿತ್ತು. ಪೆಟ್ರೋಲ್ ಬೇಗ ಮುಗಿಯುತ್ತಿತ್ತು. ಒಳಗೆ ನಾಲ್ಕು ಜನ, ಜಾಗ ಇಕ್ಕಟ್ಟು. ಇಂಜಿನ್ ಹಿಂದೆ, ಗೇರ್‌ಬಾಕ್ಸ್ ಮುಂದೆ, ಆದ್ದರಿಂದ ಎರಡನ್ನೂ ಸೇರಿಸುವ ಶಾಫ್ಟು ಟ್ಯಾಂಕಿನ ನಡುಮಧ್ಯೆ, ಟರೆಟ್‌ನಲ್ಲಿ (ತೋಪು ಕೂರಿಸಿರುವ, ಸುತ್ತ ತಿರುಗುವ ಮೇಲಿನ ಗೂಡಿನಲ್ಲಿ) ನಿಂತವರ ಕಾಲ ಬಳಿಯೇ ಹಾದುಹೋಗುತ್ತಿತ್ತು. ಟರೆಟ್ ತಿರುಗಿದರೆ ಒಳಗಿನವರೂ ಆ ಶಾಫ್ಟನ್ನು ದಾಟಿಕೊಂಡು ಜೊತೆಗೆ ತಿರುಗಬೇಕಿತ್ತು.

ಕಾಲ, ಜಾಗ ಆರಿಸಿಕೊಳ್ಳುವುದು

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಒಂದೇ: 1941ರ ನವೆಂಬರ್, ಲಿಬಿಯಾ. ಆ ತಿಂಗಳ 18ರಂದು ಬ್ರಿಟಿಷರ ಎಂಟನೇ ಸೈನ್ಯ ‘ಆಪರೇಷನ್ ಕ್ರುಸೇಡರ್’ ಅನ್ನೋ ದಾಳಿ ಶುರು ಮಾಡಿತು. ನಮ್ಮ ನಾಲ್ಕನೇ ಇಂಡಿಯನ್ ಡಿವಿಷನ್ ಕೂಡ ಆ ಯುದ್ಧದಲ್ಲಿತ್ತು. ನಾಲ್ಕನೇ ಆರ್ಮರ್ಡ್ ಬ್ರಿಗೇಡಿನ ಮೂರೂ ರೆಜಿಮೆಂಟುಗಳ ಕೈಯಲ್ಲಿ ಇದ್ದದ್ದು ಇದೇ ಹನಿ. ಎಂಟನೇ ಹುಸಾರ್ಸ್, ಮೂರನೇ ಮತ್ತು ಐದನೇ ರಾಯಲ್ ಟ್ಯಾಂಕ್ ರೆಜಿಮೆಂಟ್. ಮಾರನೇ ದಿನವೇ ಗಬ್ರ್ ಸಾಲೇ ಅನ್ನೋ ಕಡೆ ಜರ್ಮನರ 21ನೇ ಪ್ಯಾಂಜರ್ ಡಿವಿಷನ್ನಿನ ಟ್ಯಾಂಕುಗಳ ಜೊತೆ ಮುಖಾಮುಖಿ ಆಯಿತು. ಕ್ರಿಕೆಟ್ ಪ್ರೇಮಿಗಳಿಗೆ ಒಂದು ವಿಷಯ: ಮೂರನೇ ರಾಯಲ್ ಟ್ಯಾಂಕ್ ರೆಜಿಮೆಂಟಿನಲ್ಲಿ ಹನಿ ಟ್ಯಾಂಕುಗಳನ್ನು ಮುನ್ನಡೆಸಿದವರಲ್ಲಿ ದಕ್ಷಿಣ ಆಫ್ರಿಕಾದ ಟೆಸ್ಟ್ ಬೌಲರ್ ಬಾಬ್ ಕ್ರಿಸ್ಪ್ ಒಬ್ಬರು. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಸತತ ನಾಲ್ಕು ಎಸೆತಕ್ಕೆ ನಾಲ್ಕು ವಿಕೆಟ್ ತೆಗೆಯೋ ಕೆಲಸವನ್ನು ಎರಡು ಸಲ ಮಾಡಿದವರು. ಅವರ ಟ್ಯಾಂಕೇ ಅಂದುಕೊಂಡು ಮಾಡಿ, ಕೈಗೆ ಉತ್ಸಾಹ ಬರುತ್ತದೆ.

ಲಿಬಿಯಾ ಬೇಡ, ನಮ್ಮ ಹತ್ತಿರದ್ದೇ ಬೇಕು ಅನ್ನುವವರಿಗೆ ಬರ್ಮಾ ಇದೆ. 1942ರ ಫೆಬ್ರವರಿ 21ರಂದು ಏಳನೇ ಆರ್ಮರ್ಡ್ ಬ್ರಿಗೇಡ್ ತನ್ನ ಸ್ಟುವರ್ಟ್‌ಗಳೊಂದಿಗೆ ರಂಗೂನಿನಲ್ಲಿ ಇಳಿಯಿತು. ಹದಿನೈದೇ ದಿನದಲ್ಲಿ ರಂಗೂನ್ ಕೈತಪ್ಪಿತು. ಅಲ್ಲಿಂದ ಮೇ ತಿಂಗಳವರೆಗೆ ಹಿಂದೆ ಸರಿಯುತ್ತಿದ್ದ ಸೈನ್ಯಕ್ಕೆ ಬೆಂಗಾವಲಾಗಿ ಈ ಟ್ಯಾಂಕುಗಳು ಬರ್ಮಾದ ಉದ್ದಕ್ಕೂ ಓಡಿದವು. ಕೊನೆಗೆ ಚಿಂದ್ವಿನ್ ನದಿ ದಾಟಿಸಲು ದಾರಿ ಇಲ್ಲದೆ ಸೈನಿಕರು ತಮ್ಮ ಟ್ಯಾಂಕುಗಳನ್ನು ತಾವೇ ಹಾಳು ಮಾಡಬೇಕಾಯಿತು. ಒಂದೇ ಒಂದು ಈಚೆ ದಡ ಸೇರಿತು. 1944ರಲ್ಲಿ ಇಂಫಾಲದ ಯುದ್ಧದಲ್ಲಿ ಭಾರತೀಯ ಸೈನ್ಯದ ಏಳನೇ ಲೈಟ್ ಕ್ಯಾವಲ್ರಿಯವರು ಸ್ಟುವರ್ಟ್ ಓಡಿಸಿದರು. ಅದೇ ರೆಜಿಮೆಂಟು 1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿ ಲಾ ಕಣಿವೆದಾರಿಗೆ, ಹನ್ನೊಂದು ಸಾವಿರ ಅಡಿಗೂ ಮೇಲೆ, ಹಿಮದಲ್ಲಿ ಸ್ಟುವರ್ಟ್ ಹತ್ತಿಸಿತು. ಆ ಯೋಜನೆ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರದ್ದು. ಯಾರಿಗೂ ಸುಳಿವು ಸಿಗಬಾರದು ಅಂತ ದಾರಿಯಲ್ಲಿ ಟರೆಟ್ ಬಿಚ್ಚಿ, ಟಾರ್ಪಾಲ್ ಹೊದಿಸಿ ಸಾಗಿಸಿದ್ದರು. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರಬಹುದು ಅಂತ ಎದುರಾಳಿ ಕನಸಲ್ಲೂ ಎಣಿಸಿರಲಿಲ್ಲ. ನನ್ನ ಮಟ್ಟಿಗೆ ಸ್ಟುವರ್ಟ್ ಟ್ಯಾಂಕಿನ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ಇಲ್ಲ. ಆದರೂ ಮೊದಲ ಮಾಡೆಲ್‌ಗೆ ಜೋಜಿ ಲಾ ಬೇಡ ಅಂತೀನಿ. ಹಿಮ ಮಾಡುವುದು ಕಷ್ಟ, ಕೈ ಪಳಗಲಿ.

ಮಾದರಿಗಳ ವ್ಯತ್ಯಾಸ ಫೋಟೋದಲ್ಲಿ ಹೀಗೆ ಹಿಡಿಯಬೇಕು. ಪಕ್ಕದ ಗೋಡೆಗಳು ನೆಟ್ಟಗೆ, ಟರೆಟ್ ತಲೆಯ ಮೇಲೆ ಇನ್ನೊಂದು ಸಣ್ಣ ಗುಮ್ಮಟ ಇದ್ದರೆ ಎಂ3, ಅಂದರೆ ಬ್ರಿಟಿಷರ ಸ್ಟುವರ್ಟ್ 1. ಗುಮ್ಮಟ ಇಲ್ಲದೆ ಟರೆಟ್ ಮೇಲ್ಭಾಗ ಚಪ್ಪಟೆಯಾಗಿದ್ದರೆ ಎಂ3ಎ1, ಸ್ಟುವರ್ಟ್ 3. ಪಕ್ಕದ ಗೋಡೆಗಳೂ ಇಳಿಜಾರಾಗಿ, ಟರೆಟ್ ಹಿಂದಕ್ಕೆ ಉಬ್ಬಿದ್ದರೆ ಎಂ3ಎ3, ಸ್ಟುವರ್ಟ್ 5. ಹಿಂಭಾಗದಲ್ಲಿ ಇಂಜಿನ್ ಮೇಲಿನ ಹಲಗೆ ಮೆಟ್ಟಿಲಿನಂತೆ ಎದ್ದಿದ್ದರೆ ಅದು ಎಂ5 ಜಾತಿ, ಸ್ಟುವರ್ಟ್ 6. ಅದರೊಳಗೆ ಎರಡು ಕ್ಯಾಡಿಲಾಕ್ ಕಾರಿನ ಇಂಜಿನ್. 1944ರ ನಂತರ ಯುರೋಪಿನಲ್ಲಿ ಬ್ರಿಟಿಷರು ಶತ್ರು ಎಲ್ಲಿದ್ದಾನೆ ಅಂತ ನೋಡಿಬರಲು ಬಳಸಿದ್ದು ಹೆಚ್ಚಾಗಿ ಈ ಕೊನೆಯ ಜಾತಿಗಳನ್ನು, ಎಷ್ಟೋ ಸಲ ಟರೆಟ್ಟನ್ನೇ ಕಿತ್ತು ಹಾಕಿ. ಗ್ಲೈಡರ್‌ನಲ್ಲಿ ಹಾರಿಸಿ ಇಳಿಸಿದ ಪುಟ್ಟ ಎಂ22 ಲೋಕಸ್ಟ್ ಕೂಡ ಅಮೆರಿಕದ್ದೇ, 1945ರ ಮಾರ್ಚ್ 24ರಂದು ರೈನ್ ನದಿಯಾಚೆ ಇಳಿದಿತ್ತು. ಅದು ಬೇರೆಯದೇ ಗಾಡಿ, ಇಲ್ಲಿಗೆ ಬೇಡ.

ನಾವು ಮಾಡುವುದು ನೆಟ್ಟಗೆ ಗೋಡೆ ಇರುವ ಎಂ3. ರಟ್ಟಿಗೆ ಹೇಳಿ ಮಾಡಿಸಿದ ಆಕಾರ.

ಅಳತೆ

1:20 ಸ್ಕೇಲ್ ಇಟ್ಟುಕೊಳ್ಳಿ. ಲೆಕ್ಕ ಸುಲಭ, ನಿಜವಾದ 1 ಮೀಟರ್ ಅಂದರೆ ಮಾಡೆಲ್‌ನಲ್ಲಿ 5 ಸೆಂ.ಮೀ. ಟ್ಯಾಂಕಿನ ಉದ್ದ 4.53 ಮೀಟರ್, ಅಂದರೆ 22.6 ಸೆಂ.ಮೀ. ಅಗಲ 2.24 ಮೀಟರ್, ಅಂದರೆ 11.2. ಎತ್ತರ 2.64 ಮೀಟರ್, ಅಂದರೆ 13.2. ಅಗಲಕ್ಕಿಂತ ಎತ್ತರವೇ ಜಾಸ್ತಿ ಅನ್ನೋದು ಗಮನಿಸಿದಿರಾ? ರೇಡಿಯಲ್ ಇಂಜಿನ್ ದುಂಡಗೆ ದೊಡ್ಡದು, ಅದನ್ನು ಒಳಗೆ ಕೂರಿಸಲು ಗಾಡಿಯೇ ಎತ್ತರ ಆಗಬೇಕಾಯಿತು. ಈ ಎತ್ತರ ತಪ್ಪಿದರೆ ಹನಿ ಹನಿಯಂತೆ ಕಾಣುವುದಿಲ್ಲ. ‘ಸ್ವಲ್ಪ ತಗ್ಗಿಸಿದರೆ ಚೆಂದ ಕಾಣುತ್ತೆ’ ಅಂತ ಕೈ ಹೇಳುತ್ತದೆ, ಕೇಳಬೇಡಿ.

ಸಾಮಾನು: ಶೂ ಡಬ್ಬಿಯ ಗಟ್ಟಿ ರಟ್ಟು, ಹೊರಪದರಕ್ಕೆ ಐವರಿ ಶೀಟ್, ಫೆವಿಕಾಲ್, ಕಟರ್, ಸ್ಟೀಲ್ ಸ್ಕೇಲ್, ಕೈವಾರ, ಹಳೆ ಸೈಕಲ್ ಟ್ಯೂಬ್, ಖಾಲಿ ಬಾಲ್‌ಪೆನ್ ರೀಫಿಲ್, ಕಡ್ಡಿಪೊರಕೆಯ ಒಂದೆರಡು ಕಡ್ಡಿ, ಟಿಶ್ಯೂ ಪೇಪರ್, ಒಂದು ಹಿಡಿ ರಾಗಿ, ಅಕ್ರಿಲಿಕ್ ಬಣ್ಣ. ಪೋಸ್ಟರ್ ಕಲರ್ ಬೇಡ, ಒದ್ದೆ ಕೈ ತಾಕಿದರೆ ಬಿಡುತ್ತದೆ. ಅಲೆಅಲೆ ಇರುವ ಪ್ಯಾಕಿಂಗ್ ರಟ್ಟೂ ಬೇಡ, ಅಂಚಿನಲ್ಲಿ ತೂತು ತೂತಾಗಿ ಕಾಣುತ್ತದೆ.

ಕೆಳಗಿನ ಡಬ್ಬಿ ಮತ್ತು ಗಾಲಿಗಳು

ಟ್ಯಾಂಕ್ ಅಂದರೆ ಎರಡು ಡಬ್ಬಿ. ಕೆಳಗಿನದು ಎರಡು ಚೈನುಗಳ ನಡುವೆ ಕೂರುತ್ತದೆ, ಮೇಲಿನದು ಚೈನುಗಳ ಮೇಲಕ್ಕೂ ಚಾಚಿಕೊಳ್ಳುತ್ತದೆ. ಕೆಳಗಿನ ಡಬ್ಬಿಯ ಅಗಲ ಏಳೂವರೆ ಸೆಂ.ಮೀ. ಹತ್ತಿರ ಇರಲಿ. ಮೇಲಿನದು ಪೂರ್ತಿ 11. ಕೆಳಗಿನದರ ಹೊಟ್ಟೆ ನೆಲದಿಂದ 2 ಸೆಂ.ಮೀ. ಮೇಲಿರಬೇಕು. ಡಬ್ಬಿಯ ಒಳಗೆ ಅಡ್ಡಡ್ಡ ಮೂರು ನಾಲ್ಕು ರಟ್ಟಿನ ತಡೆಗೋಡೆ ಅಂಟಿಸಿ. ಇದನ್ನು ಬಿಟ್ಟರೆ ಫೆವಿಕಾಲ್ ಒಣಗುವಾಗ ಗೋಡೆಗಳು ಒಳಕ್ಕೆ ಬಾಗುತ್ತವೆ, ಆಮೇಲೆ ಏನು ಮಾಡಿದರೂ ಸರಿ ಹೋಗುವುದಿಲ್ಲ.

ಪ್ರತಿ ಬದಿಗೆ ನೆಲ ಮುಟ್ಟುವ ಸಣ್ಣ ಗಾಲಿ ನಾಲ್ಕು. ಎರಡೆರಡನ್ನು ಸೇರಿಸಿ ಒಂದೊಂದು ಜೋಡಿ, ಇದಕ್ಕೂ ಬೋಗಿ ಅಂತಲೇ ಹೆಸರು, ರೈಲು ಬೋಗಿ ಅಲ್ಲ. ಮುಂದೆ ಮೇಲಕ್ಕೆ ಹಲ್ಲುಚಕ್ರ, ಹಿಂದೆ ಒಂದು ದೊಡ್ಡ ಗಾಲಿ, ಮೇಲೆ ಚೈನು ಜೋತು ಬೀಳದಂತೆ ಹಿಡಿಯಲು ಮೂರು ಪುಟ್ಟ ರೋಲರ್. ಬೆಮೆಲ್ ಡೋಜರ್ ಹತ್ತಿರದಿಂದ ನೋಡಿದವರು ಇಲ್ಲಿ ಒಂದು ವಿಷಯ ನೆನಪಿಡಬೇಕು: ಡೋಜರ್‌ನಲ್ಲಿ ಚೈನು ಎಳೆಯುವ ಹಲ್ಲುಚಕ್ರ ಹಿಂದಿರುತ್ತದೆ, ಈ ಟ್ಯಾಂಕಿನಲ್ಲಿ ಮುಂದೆ. ಗೇರ್‌ಬಾಕ್ಸ್ ಮುಂದಿದೆ ಅಂದೆನಲ್ಲ, ಅದಕ್ಕೇ. ಇನ್ನೊಂದು, ಹಿಂದಿನ ದೊಡ್ಡ ಗಾಲಿ ಗಾಳಿಯಲ್ಲಿ ಇರುವುದಿಲ್ಲ, ಅದೂ ನೆಲಕ್ಕೆ ಇಳಿದು ಭಾರ ಹೊರುತ್ತದೆ. ಸ್ಟುವರ್ಟ್ ಗುರುತು ಹಿಡಿಯಲು ಇದಕ್ಕಿಂತ ಸುಲಭದ ಲಕ್ಷಣ ಇಲ್ಲ.

ಸಣ್ಣ ಗಾಲಿಯ ವ್ಯಾಸ 20 ಇಂಚು, ಅಂದರೆ ಮಾಡೆಲ್‌ನಲ್ಲಿ ಎರಡೂವರೆ ಸೆಂ.ಮೀ. ಹಿಂದಿನದು 3.8 ಸೆಂ.ಮೀ. ಇಟ್ಟುಕೊಳ್ಳಿ. ಕೈವಾರದಲ್ಲಿ ಗೆರೆ ಎಳೆದು ರಟ್ಟಿನ ಬಿಲ್ಲೆ ಕತ್ತರಿಸಿ, ನಾಲ್ಕೈದು ಬಿಲ್ಲೆ ಒಂದರ ಮೇಲೊಂದು ಅಂಟಿಸಿದರೆ ಗಾಲಿಗೆ ಬೇಕಾದ ದಪ್ಪ ಬರುತ್ತದೆ. ಅಂಚನ್ನು ಉಪ್ಪುಕಾಗದದಲ್ಲಿ ತಿಕ್ಕಿ. ಒಂದು ಕಡ್ಡಿಗೆ ಸಿಕ್ಕಿಸಿ ತಿರುಗಿಸುತ್ತಾ ತಿಕ್ಕಿದರೆ ದುಂಡಗೆ ಬರುತ್ತದೆ.

ಚೈನು

ಇಲ್ಲಿ ಸೈಕಲ್ ಟ್ಯೂಬ್ ಬಳಸುವುದು ಬರೀ ಸುಲಭಕ್ಕಲ್ಲ. ಈ ಟ್ಯಾಂಕಿನ ಚೈನಿನ ಒಂದೊಂದು ತುಂಡೂ ನಿಜವಾಗಿಯೂ ರಬ್ಬರ್ ಹೊದಿಸಿದ್ದು, ಮೇಲ್ಮೈ ನುಣುಪು. ಆದ್ದರಿಂದ ಹಳೆ ಟ್ಯೂಬಿನ ಮಂಕು ಕಪ್ಪು ಬಣ್ಣ, ಅದರ ಸಣ್ಣ ಒರಟುತನ ಎರಡೂ ಇದ್ದಂತೆಯೇ ಹೊಂದಿಕೊಳ್ಳುತ್ತವೆ. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಬಿಸಾಡಿದ ಟ್ಯೂಬ್ ಸುಮ್ನೆ ಕೊಡುತ್ತಾರೆ. ಸೋಪಿನ ನೀರಲ್ಲಿ ತೊಳೆದು, ಒಳಗಿನ ಬಿಳಿ ಪುಡಿ ಪೂರ್ತಿ ಹೋಗುವವರೆಗೆ ಒರೆಸಿ.

ಚೈನಿನ ಅಗಲ 11.6 ಇಂಚು, ನಮಗೆ ಒಂದೂವರೆ ಸೆಂ.ಮೀ. ಉದ್ದಕ್ಕೆ ಲೆಕ್ಕ ಬೇಡ, ಗಾಲಿಗಳನ್ನೆಲ್ಲ ಅಂಟಿಸಿ ಒಣಗಿದ ಮೇಲೆ ಸುತ್ತಲೂ ದಾರ ಹಾಯಿಸಿ ಅಳೆದು, ಅದಕ್ಕಿಂತ ಒಂಚೂರು ಕಮ್ಮಿ ಕತ್ತರಿಸಿ, ಎಳೆದಾಗ ಬಿಗಿಯಾಗಿ ಕೂರುತ್ತದೆ. ಒಂದೊಂದು ತುಂಡು 7 ಮಿ.ಮೀ. ಬರುತ್ತದೆ. ಸ್ಕೇಲ್ ಇಟ್ಟು 7 ಮಿ.ಮೀ.ಗೊಂದು ಅಡ್ಡಗೆರೆಯನ್ನು ಬ್ಲೇಡಿನ ತುದಿಯಿಂದ ಮೆಲ್ಲಗೆ ಗೀರಿ, ಪೂರ್ತಿ ಕತ್ತರಿಸಬೇಡಿ. ಎರಡೂ ಅಂಚಿಗೆ, ಪ್ರತಿ ಗೀರಿನ ಹತ್ತಿರ, ಐವರಿ ಶೀಟಿನ ಸಣ್ಣ ಚೂರು ಅಂಟಿಸಿದರೆ ತುಂಡು ತುಂಡನ್ನು ಜೋಡಿಸುವ ಕಬ್ಬಿಣದ ಕೊಂಡಿ ಆಯಿತು. ರಬ್ಬರಿಗೆ ಫೆವಿಕಾಲ್ ಹಿಡಿಯುವುದಿಲ್ಲ, ಪಂಕ್ಚರ್ ಸೊಲ್ಯೂಷನ್ ಬಳಸಿ. ಬೇಸರ ತರಿಸುವ ಕೆಲಸ, ಹೌದು. ಆದರೆ ನೋಡುವವರ ಕಣ್ಣು ಮೊದಲು ಹೋಗುವುದು ಇಲ್ಲಿಗೇ, ಅವಸರ ಮಾಡಬೇಡಿ.

ಮೇಲಿನ ಡಬ್ಬಿ, ರಾಗಿ ಕಾಳಿನ ರಿವೆಟ್

ಮುಂಭಾಗ ಮೆಟ್ಟಿಲು ಮೆಟ್ಟಿಲಾಗಿದೆ. ಕೆಳಗೆ ದುಂಡು ಮೂಗು, ಅಲ್ಲಿಂದ ಹೆಚ್ಚುಕಡಿಮೆ ಮಲಗಿದಂಥ ಒಂದು ಇಳಿಜಾರು, ಆಮೇಲೆ ನೆಟ್ಟಗೆ ನಿಂತ ಹಲಗೆ. ಆ ಹಲಗೆಯಲ್ಲಿ ಎಡಕ್ಕೆ ಡ್ರೈವರ್ ಕಿಂಡಿ. ಅಮೆರಿಕದ ಗಾಡಿ ಅಲ್ವಾ, ಸ್ಟಿಯರಿಂಗ್ ಕಡೆ ಎಡವೇ. ಬಲಗಡೆಯವನ ಮುಂದೆ ಒಂದು ಮೆಷಿನ್ ಗನ್.

ಕಾರ್ಖಾನೆಯಿಂದ ಹೊರಟಾಗ ಈ ಟ್ಯಾಂಕಿನಲ್ಲಿ ಒಟ್ಟು ಐದು ಮೆಷಿನ್ ಗನ್. ತೋಪಿನ ಪಕ್ಕ ಒಂದು, ಮುಂದೆ ಒಂದು, ಟರೆಟ್ ಮೇಲೆ ವಿಮಾನಕ್ಕೆ ಹೊಡೆಯಲು ಒಂದು, ಮತ್ತು ಎಡ ಬಲ ಎರಡೂ ಬದಿಯ ಚಾಚುಗಳಲ್ಲಿ ಮುಂದಕ್ಕೆ ಮುಖ ಮಾಡಿ ಒಂದೊಂದು. ಬದಿಯ ಗನ್ನುಗಳಿಗೆ ಗುರಿ ಇಡುವವರೇ ಇಲ್ಲ, ಡ್ರೈವರ್ ಟ್ಯಾಂಕನ್ನೇ ತಿರುಗಿಸಿ ಹೊಡೆಯಬೇಕಿತ್ತು. ಬ್ರಿಟಿಷರು ಬಹಳ ಕಡೆ ಅವನ್ನು ಕಿತ್ತು, ತೂತು ಮುಚ್ಚಿ, ಆ ಜಾಗದಲ್ಲಿ ಸಾಮಾನು ತುಂಬಿಕೊಂಡರು. ನೀವು ಆರಿಸಿದ ಫೋಟೋ ನೋಡಿ ತೀರ್ಮಾನಿಸಿ. ಮುಚ್ಚಿದ್ದರೆ ಆ ಜಾಗಕ್ಕೆ ಒಂದು ಸಣ್ಣ ಚೌಕದ ಐವರಿ ಶೀಟ್ ಅಂಟಿಸಿದರೆ ಸಾಕು. ಇಂಥ ಒಂದು ಚೌಕದಿಂದಲೇ ಇದು ಅಮೆರಿಕದ ಟ್ಯಾಂಕಲ್ಲ, ಬ್ರಿಟಿಷರ ಕೈ ಸೇರಿದ ಟ್ಯಾಂಕು ಅಂತ ತಿಳಿದವರಿಗೆ ಗೊತ್ತಾಗುತ್ತದೆ.

ಈಗ ರಿವೆಟ್. ಎಂ3ರ ಮೈಯ ಉಕ್ಕಿನ ಹಲಗೆಗಳನ್ನು ರಿವೆಟ್, ಅಂದರೆ ದುಂಡು ತಲೆಯ ಲೋಹದ ಮೊಳೆ, ಹೊಡೆದು ಕೂಡಿಸಿದ್ದರು. ಟರೆಟ್‌ಗೂ ಶುರುವಿನಲ್ಲಿ ರಿವೆಟ್ಟೇ, ಬೇಗನೆ ವೆಲ್ಡಿಂಗ್‌ಗೆ ಬಂದರು, ಯಾಕೆಂದರೆ ಗುಂಡು ಬಡಿದಾಗ ರಿವೆಟ್ಟಿನ ತುದಿ ಹಾರಿ ಒಳಗಿದ್ದವರಿಗೇ ಬಡಿಯುವ ಅಪಾಯ ಇತ್ತು. 1:20 ಸ್ಕೇಲಿಗೆ ರಾಗಿ ಕಾಳು ರಿವೆಟ್ ತಲೆಗೆ ಕರೆಕ್ಟಾಗಿ ಹೊಂದುತ್ತದೆ. ಸಾಸಿವೆ ದಪ್ಪ ಆಯಿತು. ರಾಗಿಯನ್ನು ಜರಡಿ ಹಿಡಿದು ಒಂದೇ ಗಾತ್ರದ್ದನ್ನು ಆರಿಸಿ, ಹುಳ ಬೀಳದಂತೆ ಬಾಣಲೆಯಲ್ಲಿ ಎರಡು ನಿಮಿಷ ಬೆಚ್ಚಗೆ ಮಾಡಿ ಆರಿಸಿಕೊಳ್ಳಿ, ಜಾಸ್ತಿ ಹುರಿದರೆ ಅರಳಿಬಿಡುತ್ತದೆ.

ಅಂಟಿಸುವ ರೀತಿ: ಹಲಗೆಯ ಅಂಚಿನಿಂದ ಮೂರು ಮಿ.ಮೀ. ಒಳಗೆ ಪೆನ್ಸಿಲ್ ಗೆರೆ ಎಳೆದು, ಐದಾರು ಮಿ.ಮೀ.ಗೊಂದು ಚುಕ್ಕೆ ಇಡಿ. ಚುಕ್ಕೆಯ ಮೇಲೆ ಗುಂಡುಪಿನ್ನಿನ ತುದಿಯಿಂದ ಸಣ್ಣ ಗುಳಿ ಒತ್ತಿ, ಕಾಳು ಉರುಳದೆ ಕೂರಲು ಅದು ಬೇಕು. ಹಲ್ಲುಕಡ್ಡಿಯಲ್ಲಿ ಒಂದು ಹನಿ ಫೆವಿಕಾಲ್ ಗುಳಿಗೆ ಇಡಿ. ಇನ್ನೊಂದು ಹಲ್ಲುಕಡ್ಡಿಯ ತುದಿ ನೀರಿಗೆ ಅದ್ದಿ ಕಾಳಿಗೆ ತಾಗಿಸಿದರೆ ಅಂಟಿಕೊಂಡು ಬರುತ್ತದೆ, ಗುಳಿಯಲ್ಲಿ ಇಟ್ಟು ಉಗುರಿನಿಂದ ಮೆಲ್ಲಗೆ ಒತ್ತಿ. ಒಂದು ಸಾಲು ಮುಗಿದ ಮೇಲೆ ಮುಖದ ಮಟ್ಟಕ್ಕೆ ಎತ್ತಿ, ಬೆಳಕಿಗೆ ಓರೆ ಹಿಡಿದು ನೋಡಿ. ಸೊಟ್ಟ ಇದ್ದರೆ ಆಗಲೇ ಗೊತ್ತಾಗುತ್ತದೆ, ಫೆವಿಕಾಲ್ ಹಸಿ ಇರುವಾಗಲೇ ಸರಿಸಬಹುದು. ಪೂರ್ತಿ ಒಣಗಿದ ಮೇಲೆ ನೀರು ಬೆರೆಸಿದ ಫೆವಿಕಾಲ್ ಒಂದು ಕೋಟ್ ಕೊಟ್ಟರೆ ಬಣ್ಣ ಹಚ್ಚುವಾಗ ಕಾಳು ಉದುರುವುದಿಲ್ಲ.

ಟರೆಟ್, ತೋಪು

ಟರೆಟ್ ಅಗಲ 6 ಸೆಂ.ಮೀ. ಚಿಲ್ಲರೆ. ಕ್ರುಸೇಡರ್ ಕಾಲದ್ದು ಚಪ್ಪಟೆ ಪಟ್ಟಿಗಳನ್ನು ಕೂಡಿಸಿದ ಬಹುಕೋನದ ಟರೆಟ್, ಒಂದೊಂದು ಪಟ್ಟಿಯನ್ನೂ ಬೇರೆಯಾಗಿ ಕತ್ತರಿಸಿ ನಿಲ್ಲಿಸಬೇಕು. ದುಂಡಗೆ ಬಗ್ಗಿಸಿದ ಟರೆಟ್ ಬಂದದ್ದು ಆಮೇಲೆ. ಒಳಗೆ ಒಂದು ರಟ್ಟಿನ ಬಿಲ್ಲೆ ಇಟ್ಟು ಅದರ ಸುತ್ತ ಪಟ್ಟಿ ನಿಲ್ಲಿಸುತ್ತಾ ಹೋಗಿ. ಪಕ್ಕದ ಪಟ್ಟಿಗಳಲ್ಲಿ ಪಿಸ್ತೂಲು ಕಿಂಡಿಗಳಿವೆ, ಐವರಿ ಶೀಟಿನ ಚೂರು ಸಾಕು. ಮೇಲೆ ಗುಮ್ಮಟ.

ತೋಪಿಗೆ ಖಾಲಿ ರೀಫಿಲ್. ಸಣ್ಣಗಿದೆ ಅನಿಸಬಹುದು, ಆದರೆ ಅಷ್ಟೇ. ಒಂದು ಮಾತು ಮುಖ್ಯ: ತೋಪಿನ ತುದಿ ಟ್ಯಾಂಕಿನ ಮೂಗನ್ನು ದಾಟಿ ಮುಂದೆ ಬರಬಾರದು. ಉದ್ದ ತೋಪು ಹಾಕಿದರೆ ಗತ್ತು ಬರುತ್ತದೆ ಅನ್ನೋದು ಬೇರೆ ಟ್ಯಾಂಕುಗಳ ಮಾತು. ಎದುರಾಳಿಯ ಟ್ಯಾಂಕಿಗೆ ಪೆಟ್ಟು ಕೊಡಲು ಹನಿ ಓಡಿ ಓಡಿ ಹತ್ತಿರ ಹೋಗಲೇಬೇಕಿತ್ತು, ಆ ಸೈನಿಕರ ಧೈರ್ಯ ಗೊತ್ತಾಗುವುದೇ ಈ ಮೋಟು ತೋಪಿನಿಂದ. ಮೆಷಿನ್ ಗನ್ನಿಗೆ ಪೊರಕೆ ಕಡ್ಡಿ.

ಬಣ್ಣ

ಮರುಭೂಮಿಯ ಹಲವು ಹನಿಗಳಿಗೆ ‘ಕಾಂಟರ್’ ಮಾದರಿಯ ಮೂರು ಬಣ್ಣ ಇತ್ತು. ಬ್ರಿಗೇಡಿಯರ್ ಕಾಂಟರ್ ಹೆಸರಲ್ಲಿ ಬಂದ ಮಾದರಿ. ಓರೆ ಓರೆಯಾದ ನೇರ ಅಂಚಿನ ಪಟ್ಟೆಗಳು, ಟ್ಯಾಂಕಿನ ಆಕಾರ ದೂರದಿಂದ ಕಣ್ಣಿಗೆ ಗೊಂದಲ ಆಗಲಿ ಅಂತ. ತಳಕ್ಕೆ ತಿಳಿ ಕಲ್ಲಿನ ಬಣ್ಣ: ಬಿಳಿಗೆ ಯೆಲ್ಲೋ ಓಕರ್, ಒಂದು ತೊಟ್ಟು ಕಂದು. ಎರಡನೆಯದು ಸಿಲ್ವರ್ ಗ್ರೇ. ಬಹಳ ಜನ ಇದನ್ನು ಆಕಾಶ ನೀಲಿ ಮಾಡುತ್ತಾರೆ, ಹಾಗಲ್ಲ, ಅದು ಹಸಿರು ಛಾಯೆಯ ತಿಳಿ ಬೂದು. ಮೂರನೆಯದು ಸ್ಲೇಟ್, ಕಡು ಬೂದು. ಪಟ್ಟೆಗಳು ಬೇಡ ಅಂದರೆ ಬರೀ ಕಲ್ಲಿನ ಬಣ್ಣ ಹಚ್ಚಿದರೂ ತಪ್ಪಲ್ಲ, ಅಂಥ ಟ್ಯಾಂಕುಗಳೂ ಇದ್ದವು. ಬರ್ಮಾದ 1944ರದ್ದು ಮಾಡುವವರು ಕಡು ಹಸಿರು ಹಚ್ಚಿ, ದೊಡ್ಡ ಬಿಳಿ ನಕ್ಷತ್ರ ಬರೆಯಿರಿ.

ಗುರುತುಗಳು: ರೆಜಿಮೆಂಟಿನೊಳಗಿನ ತುಕಡಿಗೆ ಸ್ಕ್ವಾಡ್ರನ್ ಅನ್ನುತ್ತಾರೆ. ಎ ಸ್ಕ್ವಾಡ್ರನ್ನಿಗೆ ತ್ರಿಕೋನ, ಬಿಗೆ ಚೌಕ, ಸಿಗೆ ವೃತ್ತ, ಹೆಡ್‌ಕ್ವಾರ್ಟರ್ಸ್‌ಗೆ ವಜ್ರದಾಕಾರ. ಬ್ರಿಗೇಡಿನಲ್ಲಿ ಹಿರಿಯ ರೆಜಿಮೆಂಟಿಗೆ ಕೆಂಪು, ಹಿರಿತನದಲ್ಲಿ ಎರಡನೆಯದಕ್ಕೆ ಹಳದಿ, ಮೂರನೆಯದಕ್ಕೆ ನೀಲಿ. ಕ್ರುಸೇಡರ್ ಸಮಯದಲ್ಲಿ ತಮ್ಮವರು ತಮ್ಮವರಿಗೇ ಹೊಡೆಯದಿರಲಿ ಅಂತ ಬಿಳಿ-ಕೆಂಪು-ಬಿಳಿ ಪಟ್ಟಿ ಬರೆದಿದ್ದರು, ಅದನ್ನು ಮರೆಯಬೇಡಿ. ನಾಲ್ಕನೇ ಬ್ರಿಗೇಡಿನ ಚಿಹ್ನೆ ಮರುಭೂಮಿಯ ಕಪ್ಪು ಇಲಿ. ಬರ್ಮಾಕ್ಕೆ ಹೋದ ಏಳನೇ ಬ್ರಿಗೇಡಿನದ್ದು ಹಸಿರು ಇಲಿ.

ಮೇಲೆ ಕಟ್ಟುವ ಸಾಮಾನು, ಧೂಳು

ಖಾಲಿ ಟ್ಯಾಂಕ್ ಮಾಡಿ ನಿಲ್ಲಿಸಬೇಡಿ. ನಾಲ್ಕು ಜನ ವಾರಗಟ್ಟಲೆ ಆ ಗಾಡಿಯಲ್ಲೇ ಬದುಕಿದ್ದರು. ಹಾಸಿಗೆ, ಟೀ ಕಾಯಿಸುವ ಡಬ್ಬ, ನೀರು, ಟಾರ್ಪಾಲ್, ಎಲ್ಲ ಹೊರಗೆ ಕಟ್ಟಿಕೊಂಡೇ ಓಡಾಟ. ಟಿಶ್ಯೂ ಪೇಪರನ್ನು ನೀರು ಫೆವಿಕಾಲ್‌ಗೆ ಅದ್ದಿ ಸುರುಳಿ ಸುತ್ತಿ, ಹೊಲಿಗೆ ದಾರದಲ್ಲಿ ಕಟ್ಟಿ ಒಣಗಿಸಿದರೆ ಹಾಸಿಗೆ ಸುರುಳಿ ತಯಾರು. ನೀರು, ಪೆಟ್ರೋಲ್ ಒಯ್ಯಲು ಬ್ರಿಟಿಷರ ಹತ್ತಿರ ಇದ್ದದ್ದು 4 ಗ್ಯಾಲನ್ನಿನ ತೆಳು ತಗಡಿನ ಚೌಕ ಟಿನ್ನು. ಈಗಲೂ ದಿನಸಿ ಅಂಗಡಿಗೆ 15 ಕೆ.ಜಿ. ಎಣ್ಣೆ ಬರುವ ಟಿನ್ನು ಇದೆಯಲ್ಲ, ಹೆಚ್ಚುಕಡಿಮೆ ಅದೇ ಆಕಾರ. ಮಾಡೆಲ್‌ಗೆ 1.2 ಸೆಂ.ಮೀ. ಚೌಕ, 1.8 ಎತ್ತರ. ಆ ಟಿನ್ನುಗಳು ಸೋರಿ ಸೋರಿ ಎಷ್ಟು ಪೆಟ್ರೋಲ್ ಮರಳಿಗೆ ಹೋಯಿತೋ. ಜರ್ಮನರ ಜೆರ್ರಿಕ್ಯಾನ್, ಅಂದರೆ ಸೋರದ ಗಟ್ಟಿ ಉಕ್ಕಿನ ಕ್ಯಾನು, ಕೈಗೆ ಸಿಕ್ಕಿದರೆ ಇವರು ಬಿಡುತ್ತಿರಲಿಲ್ಲ, ಒಂದೆರಡು ಅವನ್ನೂ ಸೇರಿಸಬಹುದು.

ಧೂಳಿಗೆ ನಮ್ಮ ಅಂಗಳದ ಮಣ್ಣು ಬಳಸಲೇಬೇಡಿ. ಕೋಲಾರದ್ದು ಕೆಂಪು ಮಣ್ಣು, ಲಿಬಿಯಾದ್ದು ಬಿಳಿಚಿದ ಹಳದಿ. ಮುಲ್ತಾನಿ ಮಿಟ್ಟಿ ಪುಡಿ ಆ ಬಣ್ಣಕ್ಕೆ ಹತ್ತಿರ. ಒಣ ಬ್ರಷ್‌ನಲ್ಲಿ ಚೈನು, ಗಾಲಿ, ಹಿಂಭಾಗಕ್ಕೆ ಜಾಸ್ತಿ, ಟರೆಟ್‌ಗೆ ಕಮ್ಮಿ ಉದುರಿಸಿ, ಬಾಯಿಂದ ಊದಿ. ಉಳಿದದ್ದೇ ಸರಿಯಾದ ಅಳತೆ. ಮೇಲೆ ಮಂಕು ವಾರ್ನಿಷ್ ತೆಳುವಾಗಿ ಹೊಡೆದರೆ ನಿಲ್ಲುತ್ತದೆ.

ಫೋಟೋಗೆ ಕೆಜಿಎಫ್ ಸುತ್ತಮುತ್ತಲಿನವರಿಗೆ ಒಂದು ಅನುಕೂಲ ಇದೆ. ಗಣಿಯಿಂದ ಬಂದ ಪುಡಿ ಸುರಿದು ಸುರಿದು ಎದ್ದ ಸೈನೈಡ್ ದಿಬ್ಬಗಳು ದೂರದಿಂದ ಥೇಟ್ ಮರುಭೂಮಿಯ ಹಾಗೇ ಕಾಣುತ್ತವೆ. ರಸ್ತೆ ಬದಿಯ ಕಟ್ಟೆಯ ಮೇಲೆ ಮಾಡೆಲ್ ಇಟ್ಟು, ದಿಬ್ಬವನ್ನು ಹಿನ್ನೆಲೆಗೆ ಮಸುಕಾಗಿ ಬರುವಂತೆ ತೆಗೆಯಿರಿ. ದಿಬ್ಬ ಹತ್ತುವುದು, ಆ ಪುಡಿ ಮನೆಗೆ ತರುವುದು ಎರಡೂ ಬೇಡ, ಅದರಲ್ಲಿ ವಿಷದ ಅಂಶ ಇದೆ, ಮಕ್ಕಳಿಗೆ ಗಟ್ಟಿಯಾಗಿ ಹೇಳಿ. ಗಾಳಿ ಕಮ್ಮಿ ಇರುವ ಬೆಳಗಿನ ಹೊತ್ತು ಒಳ್ಳೆಯದು. ಮೊಬೈಲಿನ ಲೆನ್ಸು ಟ್ಯಾಂಕ್ ನಿಂತ ಮಟ್ಟದಿಂದ 8 ಸೆಂ.ಮೀ. ಎತ್ತರದಲ್ಲಿರಲಿ. 1:20ರಲ್ಲಿ ನಿಂತ ಮನುಷ್ಯನ ಕಣ್ಣು ಅಷ್ಟೇ ಎತ್ತರದಲ್ಲಿರುತ್ತದೆ, ಅದಕ್ಕಿಂತ ಮೇಲಿಂದ ತೆಗೆದರೆ ಆಟಿಕೆಯ ಹಾಗೆ ಕಾಣುತ್ತದೆ.

ಮನೆಯಲ್ಲಿ ಇಡುವಾಗ ಗಾಜಿನ ಶೋಕೇಸ್ ಇದ್ದರೆ ಅಲ್ಲೇ ಇಡಿ. ಮಳೆಗಾಲದಲ್ಲಿ ರಟ್ಟು ಥಂಡಿ ಹೀರಿ ಸೊಟ್ಟಗಾಗುತ್ತದೆ, ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಒಂದೆರಡು ಪಕ್ಕದಲ್ಲಿರಲಿ. ರಾಗಿಗೆ ಇರುವೆ ಬರುವುದುಂಟು, ಬಣ್ಣ ಬಿಟ್ಟ ಕಾಳು ಕಂಡರೆ ತಕ್ಷಣ ಒಂದು ಚುಕ್ಕೆ ಬಣ್ಣ ಹಚ್ಚಿ ಮುಚ್ಚಿಬಿಡಿ.